ಗೇಣು ಹೊಟ್ಟೆಗೆ ಕಟ್ಟಿದ ಪಟ್ಟಿ

ಮೈ ಬಂದ ಹೆಂಗಸಿಗೆ ನಮ್ಮ ಕಡೆ ಎಲ್ಲರೂ ಹೇಳುವ ಮಾತು ಒಂದೇ: "ಸ್ವಲ್ಪ ಬಾಯಿ ಕಟ್ಟಬೇಕಮ್ಮ." ಮದುವೆಮನೆಯ ಪಂಕ್ತಿಯಲ್ಲಿ ಎದುರು ಸಾಲಿನವರು ಹೇಳುತ್ತಾರೆ. ಮಂಡಿನೋವಿಗೆಂದು ಹೋದರೆ ಡಾಕ್ಟರು ಹೇಳುತ್ತಾರೆ. ರವಿಕೆಯ ಅಳತೆ ತೆಗೆದುಕೊಳ್ಳುವಾಕೆ ಟೇಪು ಸಾಲದೆ ಸುಮ್ಮನೆ ನಕ್ಕು, ಹೇಳದೆಯೇ ಹೇಳುತ್ತಾಳೆ. ಹೇಳುವವರಿಗೆ ಅದು ಬರಿಯ ಮಾತು. ಆದರೆ ಚರಿತ್ರೆಯನ್ನು ತಿರುವಿ ನೋಡಿದರೆ ಮನುಷ್ಯರು ಈ ಮಾತನ್ನು ಅಕ್ಷರಶಃ ನಡೆಸಿಯೂ ನೋಡಿದ್ದಾರೆ. ತುಟಿ ಹೊಲಿದ ಕಥೆಯಿದೆ. ದವಡೆಗೆ ತಂತಿ ಬಿಗಿದಿದ್ದಾರೆ, ಸೊಂಟಕ್ಕೆ ದಾರ ಕಟ್ಟಿದ್ದಾರೆ, ಕರುಳನ್ನು ಕತ್ತರಿಸಿ ಬೇರೆ ಕಡೆ ಜೋಡಿಸಿದ್ದಾರೆ. ಕಡೆಗೆ ಜಠರಕ್ಕೇ ಒಂದು ಪಟ್ಟಿ ಕಟ್ಟಿದ್ದಾರೆ. ಈ ಕಡೆಯದಕ್ಕೆ ಗ್ಯಾಸ್ಟ್ರಿಕ್ ಬ್ಯಾಂಡ್ ಎಂದು ಹೆಸರು. ಹತ್ತು ಹದಿನೈದು ವರ್ಷ ಎಲ್ಲೆಲ್ಲೂ ಅದರದೇ ಸುದ್ದಿಯಿತ್ತು. ಈಗ ಅದು ಹೆಚ್ಚುಕಡಿಮೆ ಮೂಲೆಗೆ ಸರಿದಿದೆ. ಅದು ಬಂದ ದಾರಿ ಮತ್ತು ಹೋದ ದಾರಿ ಎರಡರಲ್ಲೂ ನಮ್ಮಂಥ ಊರುಗಳ ಹೆಂಗಸರು ತಿಳಿದಿರಬೇಕಾದ ಸಂಗತಿಗಳಿವೆ.

ಮೊದಲು ತುಟಿ ಹೊಲಿದ ಕಥೆ. ಹತ್ತನೆಯ ಶತಮಾನದಲ್ಲಿ ಈಗಿನ ಸ್ಪೇನ್ ದೇಶದ ಉತ್ತರಕ್ಕೆ ಲಿಯೋನ್ ಎಂಬ ರಾಜ್ಯವಿತ್ತು. ಅದರ ದೊರೆ ಸಾಂಚೋ. ಚರಿತ್ರೆಯಲ್ಲಿ ಅವನಿಗೆ 'ದಪ್ಪ ಸಾಂಚೋ' ಎಂದೇ ಹೆಸರು. ಕುದುರೆ ಹತ್ತಲಾರದವನು, ಕತ್ತಿ ಹಿಡಿಯಲಾರದವನು ನಮಗೆ ರಾಜನೇ ಎಂದು ಹೇಳಿ 958ರಲ್ಲಿ ಅವನ ಸರದಾರರು ಅವನನ್ನು ಪಟ್ಟದಿಂದ ಇಳಿಸಿದರು. ಅವನ ಕೈ ಬಿಡದೆ ಇದ್ದವಳು ಅವನ ಅಜ್ಜಿ, ನವಾರದ ರಾಣಿ ತೋದಾ. ಎಂಬತ್ತರ ಆಸುಪಾಸಿನ ಆ ಮುದುಕಿ ಮೊಮ್ಮಗನನ್ನು ಕಟ್ಟಿಕೊಂಡು ಮುಸ್ಲಿಂ ಖಲೀಫನ ರಾಜಧಾನಿ ಕಾರ್ಡೋಬಾಕ್ಕೆ ಹೋದಳು. ಅಲ್ಲಿ ಖಲೀಫನ ಆಸ್ಥಾನದಲ್ಲಿದ್ದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರುತ್ ಅವನಿಗೆ ಚಿಕಿತ್ಸೆ ಮಾಡಿದ. ತುಟಿಗಳನ್ನು ಹೊಲಿದು, ಒಂದು ನಳಿಕೆಯಲ್ಲಿ ಕಷಾಯ ಮಾತ್ರ ಕುಡಿಸಿದರು ಎಂದು ಕಥೆ ಹೇಳುತ್ತದೆ. ಹೊಲಿದದ್ದು ನಿಜವೋ ಕಟ್ಟುಕಥೆಯೋ, ಸಾಂಚೋ ಮೈ ಇಳಿಸಿಕೊಂಡು ಬಂದು ಪಟ್ಟವನ್ನು ಮರಳಿ ಪಡೆದದ್ದು ಮಾತ್ರ ಚರಿತ್ರೆ. ತೂಕಕ್ಕೆ ಸಿಂಹಾಸನ ಹೋಗುತ್ತದೆ ಎಂದರೆ ತುಟಿ ಹೊಲಿಸಿಕೊಳ್ಳಲೂ ಮನುಷ್ಯ ಒಪ್ಪುತ್ತಾನೆ. ನಮ್ಮ ಹೆಣ್ಣುಮಕ್ಕಳಿಗೆ ಹೋಗುವುದು ಸಿಂಹಾಸನವಲ್ಲದಿದ್ದರೂ, ಗೊತ್ತಾದ ಸಂಬಂಧ ತಪ್ಪಿಹೋಗಿದ್ದು ಎಷ್ಟು ಮನೆಗಳಲ್ಲಿ ಇಲ್ಲ?

ನಮ್ಮ ಚರಕ ಸಂಹಿತೆಯಲ್ಲೂ ಈ ವಿಷಯ ಬಂದಿದೆ. ಲೋಕ ನಿಂದಿಸುವ ಎಂಟು ಬಗೆಯ ದೇಹಗಳನ್ನು ಅಲ್ಲಿ ಪಟ್ಟಿ ಮಾಡಿದ್ದಾರೆ. ತೀರ ಎತ್ತರದವರು, ತೀರ ಗಿಡ್ಡರು, ತೀರ ಕಪ್ಪಗಿರುವವರು, ತೀರ ಬೆಳ್ಳಗಿರುವವರು ಹೀಗೆ. ಅವರಲ್ಲೆಲ್ಲ ವೈದ್ಯರು ಮುಖ್ಯವಾಗಿ ಗಮನಿಸಬೇಕಾದವರು ಅತಿಸ್ಥೂಲರು ಮತ್ತು ಅತಿಕೃಶರು ಎಂದು ಹೇಳಿದೆ. ಸ್ಥೂಲತೆಗೆ ಕಾರಣ ಹೇಳುವಾಗ ಅತಿಯಾದ ಊಟ, ಸಿಹಿ, ಹಗಲುನಿದ್ದೆ, ವ್ಯಾಯಾಮವಿಲ್ಲದಿರುವುದು ಇವುಗಳ ಜೊತೆಗೆ 'ಬೀಜಸ್ವಭಾವ'ವನ್ನೂ ಸೇರಿಸಿದ್ದಾರೆ. ಬೀಜ ಎಂದರೆ ತಂದೆತಾಯಿಯಿಂದ ಬಂದದ್ದು. ಜವೆಗೋಧಿ, ಜೇನು ಮುಂತಾದ ಪಥ್ಯವನ್ನೂ ಹೇಳಿದ್ದಾರೆ. ಹಗಲುನಿದ್ದೆಯನ್ನೂ ಸಿಹಿಯನ್ನೂ ನಾವು ನೆನಪಿಟ್ಟುಕೊಂಡು ಬಂದೆವು. ಬೀಜಸ್ವಭಾವವನ್ನು ಮಾತ್ರ ಮರೆತುಬಿಟ್ಟೆವು.

ಪಥ್ಯದ ಪುಸ್ತಕವೊಂದು ಮೊದಲ ಸಲ ಮನೆಮಾತಾದದ್ದು ಲಂಡನ್ನಿನಲ್ಲಿ, 1863ರಲ್ಲಿ. ಬರೆದವನು ವಿಲಿಯಂ ಬ್ಯಾಂಟಿಂಗ್. ಅವನೇನೂ ವೈದ್ಯನಲ್ಲ, ಶವಸಂಸ್ಕಾರದ ಏರ್ಪಾಟು ಮಾಡುವ ವ್ಯಾಪಾರಿ. ಐದಡಿ ಐದಂಗುಲದ ಮನುಷ್ಯ, 202 ಪೌಂಡು, ಅಂದರೆ ಸುಮಾರು 92 ಕಿಲೋ ಇದ್ದ. ಬಗ್ಗಿ ಬೂಟಿನ ದಾರ ಕಟ್ಟಲಾರ. ಮೆಟ್ಟಿಲು ಇಳಿಯಬೇಕಾದರೆ ಮಂಡಿಯ ಮೇಲೆ ಭಾರ ಬೀಳಬಾರದೆಂದು ಹಿಂದುಮುಂದಾಗಿ ಇಳಿಯುತ್ತಿದ್ದ. ವಿಲಿಯಂ ಹಾರ್ವೆ ಎಂಬ ವೈದ್ಯ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರು ಬಿಡಿಸಿದ. ವರ್ಷದೊಳಗೆ 46 ಪೌಂಡು ಇಳಿಯಿತು. ಬ್ಯಾಂಟಿಂಗ್ ತನ್ನ ಖರ್ಚಿನಲ್ಲೇ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಅದು ಎಷ್ಟು ಹೆಸರಾಯಿತೆಂದರೆ, ಸ್ವೀಡಿಷ್ ಭಾಷೆಯಲ್ಲಿ ಇವತ್ತಿಗೂ ಪಥ್ಯ ಮಾಡುವುದಕ್ಕೆ 'ಬಾಂಟಾ' ಎನ್ನುತ್ತಾರೆ. ಆ ಹೊತ್ತಗೆಯಲ್ಲಿ ಬ್ಯಾಂಟಿಂಗ್ ತೋಡಿಕೊಂಡ ನೋವು ಮೈಯದಷ್ಟೇ ಅಲ್ಲ. ಬೀದಿಯ ಜನರ ಕುಹಕದ ನೋಟವೂ ಅವನನ್ನು ಅಷ್ಟೇ ಕಾಡಿತ್ತು.

ದಪ್ಪ ಎಂದರೆ ಎಷ್ಟು ದಪ್ಪ ಎಂಬುದಕ್ಕೆ ಅಳತೆ ಬಂದದ್ದು ಹೀಗೆ. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 1832ರಲ್ಲಿ ತೂಕಕ್ಕೂ ಎತ್ತರಕ್ಕೂ ಇರುವ ಲೆಕ್ಕವನ್ನು ಕಂಡುಹಿಡಿದ. ತೂಕವನ್ನು ಕಿಲೋದಲ್ಲಿ ಬರೆದು, ಅದನ್ನು ಮೀಟರಿನಲ್ಲಿ ಬರೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. ಅಮೆರಿಕದ ಆನ್ಸೆಲ್ ಕೀಸ್ 1972ರಲ್ಲಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು. ಬಿ.ಎಂ.ಐ. ಎಂದು ನಾವು ಕೇಳುವುದು ಇದನ್ನೇ. ಕೀಸ್ ಅವರು ಆ ಅಧ್ಯಯನದಲ್ಲಿ ಅಳೆದದ್ದು ಏಳು ಸಾವಿರಕ್ಕೂ ಹೆಚ್ಚು ಗಂಡಸರನ್ನು, ಹೆಂಗಸರನ್ನು ಅಳೆಯಲೇ ಇಲ್ಲ! ಆ ಸಂಖ್ಯೆಯಿಂದಲೇ ಲೋಕದ ಹೆಂಗಸರನ್ನೆಲ್ಲ ತೂಗಿದ್ದಾಯಿತು. ಇನ್ನು ಭಾರತೀಯರಿಗೆ ಅದು ಸರಿಹೊಂದುವುದಿಲ್ಲ ಎಂದು ತೋರಿಸಿದವರು ಪುಣೆಯ ಡಾಕ್ಟರ್ ಯಾಜ್ಞಿಕ್. ತಾವು ಮತ್ತು ಇಂಗ್ಲಿಷ್ ವೈದ್ಯ ಮಿತ್ರ ಯುಡ್ಕಿನ್ ಜೊತೆಗಿರುವ ಒಂದು ಫೋಟೋವನ್ನು ಅವರು 2004ರಲ್ಲಿ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರ ಮೈಯಲ್ಲಿ 21.2! ಸಣ್ಣಗೆ ಕಾಣುವ ನಮ್ಮವರಿಗೂ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುವುದು ಇದರಿಂದಲೇ. ಅದಕ್ಕೇ ಭಾರತೀಯರಿಗೆ 25 ದಾಟಿದರೆ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿ ಗೊತ್ತುಮಾಡಿದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಹೆಂಗಸರಲ್ಲಿ 24 ಮಂದಿ ಆ ಗೆರೆಯ ಮೇಲಿದ್ದರು.

ಪಥ್ಯ ಮಾಡಿದವರ ಮೈ ಇಳಿದು ಮತ್ತೆ ಏರುವುದನ್ನು ನೋಡಿ ನೋಡಿ 1970ರ ದಶಕದ ವೈದ್ಯರು ಸಾಂಚೋ ಕಾಲದ ಉಪಾಯಕ್ಕೇ ಹಿಂದಿರುಗಿದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು, ಬಾಯಿ ತೆರೆಯದಂತೆ ಮಾಡಿ, ತಿಂಗಳುಗಟ್ಟಲೆ ಹಾಲು ಮುಂತಾದ ದ್ರವವನ್ನೇ ಕುಡಿಸಿದರು. ತೂಕ ಚೆನ್ನಾಗಿ ಇಳಿಯುತ್ತಿತ್ತು. ತಂತಿ ಬಿಚ್ಚಿದ ಮೇಲೆ ಇಳಿದದ್ದೆಲ್ಲ ಮತ್ತೆ ಬರುತ್ತಿತ್ತು. ಇಂಗ್ಲೆಂಡಿನ ಪ್ರೊಫೆಸರ್ ಜಾನ್ ಗ್ಯಾರೋ ಇದಕ್ಕೊಂದು ಉಪಾಯ ಮಾಡಿದರು. ತಂತಿ ಬಿಚ್ಚಿದವರ ಸೊಂಟಕ್ಕೆ ಒಂದು ನೈಲಾನ್ ದಾರ ಕಟ್ಟಿ ಕಳಿಸಿದರು. ಮೈ ಬರತೊಡಗಿದರೆ ದಾರ ಒತ್ತುತ್ತದೆ, ಆಗ ಎಚ್ಚರ ಬರುತ್ತದೆ. 1981ರಲ್ಲಿ ಇದನ್ನು ಅವರು ವೈದ್ಯಪತ್ರಿಕೆಯಲ್ಲಿ ಬರೆದರು, ಕೆಲವರಿಗೆ ಉಪಯೋಗವೂ ಆಯಿತು. ಓದಿದಾಗ ನನಗೆ ನಗು ಬಂತು. ನಮ್ಮ ಮಕ್ಕಳಿಗೆ ಹುಟ್ಟಿದ ಕೆಲವೇ ದಿನಕ್ಕೆ ಉಡಿದಾರ ಕಟ್ಟುತ್ತೇವೆ, ಮಗು ಮೈ ತುಂಬಿಕೊಳ್ಳುತ್ತಿದೆಯೋ ಇಲ್ಲವೋ ಎಂದು ಅಜ್ಜಿಯರು ಆ ದಾರದಲ್ಲೇ ನೋಡುತ್ತಿದ್ದರು. ಅವರಿಗೆ ದಾರ ಬಿಗಿಯಾದರೆ ಸಂತೋಷ, ಗ್ಯಾರೋಗೆ ಬಿಗಿಯಾದರೆ ಚಿಂತೆ.

ಅಷ್ಟರಲ್ಲಿ ಶಸ್ತ್ರವೈದ್ಯರು ಇನ್ನೊಂದು ದಾರಿ ಹಿಡಿದಾಗಿತ್ತು. ಅಮೆರಿಕದ ಮಿನೆಸೋಟಾದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ವೈದ್ಯರು 1954ರಲ್ಲಿ ಸಣ್ಣಕರುಳಿನ ಬಹುಭಾಗವನ್ನು ಬದಿಗಿಟ್ಟು ಮೇಲಿನ ತುದಿಯನ್ನು ಕೆಳಗಿನ ತುದಿಗೆ ಸೇರಿಸುವ ಕ್ರಮವನ್ನು ಪ್ರಕಟಿಸಿದರು. ತಿಂದದ್ದು ಮೈಗೆ ಹತ್ತದೆ ಹೊರಗೆ ಹೋಗುತ್ತಿತ್ತು, ತೂಕ ಸರಸರ ಇಳಿಯುತ್ತಿತ್ತು. ಆದರೆ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೆಲವರಿಗೆ ಯಕೃತ್ತೇ ಕೆಟ್ಟು ಪ್ರಾಣಾಪಾಯ. ಸಾವಿರಾರು ಜನರಿಗೆ ಮಾಡಿದ ಮೇಲೆ ಆ ಆಪರೇಷನ್ನನ್ನು ಕೈಬಿಟ್ಟರು. ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೊಂದನ್ನು ಗಮನಿಸಿದ್ದರು. ಹುಣ್ಣಿಗೆಂದು ಜಠರದ ಭಾಗ ತೆಗೆಸಿಕೊಂಡ ರೋಗಿಗಳು ಮತ್ತೆ ಮೈ ಹತ್ತದೆ ಸಣ್ಣಗೇ ಉಳಿಯುತ್ತಿದ್ದರು. ಅದನ್ನೇ ಹಿಡಿದು 1966ರಲ್ಲಿ ಇಟೋ ಎಂಬ ಸಹೋದ್ಯೋಗಿಯ ಜೊತೆ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಜಠರದ ಮೇಲ್ಭಾಗವನ್ನು ಪುಟ್ಟ ಚೀಲದಂತೆ ಬೇರ್ಪಡಿಸಿ ಕರುಳಿಗೆ ಸೇರಿಸುವ ಕ್ರಮ ಅದು. ಇವತ್ತಿಗೂ ಅದು ಬಳಕೆಯಲ್ಲಿದೆ. ಮೇಸನ್ ತಮ್ಮ ನೂರನೆಯ ವಯಸ್ಸಿನಲ್ಲಿ, 2020ರಲ್ಲಿ ತೀರಿಕೊಂಡರು.

ಬೈಪಾಸ್ ಎಂದರೆ ಹೊಟ್ಟೆ ಸೀಳಿ, ಕತ್ತರಿಸಿ ಹೊಲಿಯುವ ದೊಡ್ಡ ಕೆಲಸ. ಕತ್ತರಿಸದೆ, ಹೊರಗಿನಿಂದ ಬಿಗಿ ಮಾಡಿದರೆ ಸಾಲದೇ ಎಂದು ಕೆಲವರು ಯೋಚಿಸಿದರು. ಅಮೆರಿಕದ ವಿಲ್ಕಿನ್ಸನ್ 1978ರಲ್ಲಿ ಜಠರದ ಮೇಲ್ಭಾಗಕ್ಕೆ ಜಾಳಿಗೆಯಂಥ ಬಟ್ಟೆಯ ಪಟ್ಟಿ ಸುತ್ತಿದರು. ಒಮ್ಮೆ ಬಿಗಿದರೆ ಮುಗಿಯಿತು, ಅದನ್ನು ಸಡಿಲಿಸಲು ಆಗುತ್ತಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದ ಲುಬೊಮಿರ್ ಕುಜ್ಮಾಕ್ ಸಿಲಿಕೋನಿನ ಪಟ್ಟಿ ತಯಾರಿಸಿ, 1986ರಲ್ಲಿ ಅದರ ಒಳಮೈಗೆ ಒಂದು ಬಲೂನು ಸೇರಿಸಿದರು. ಅದೇ ಸುಮಾರಿಗೆ ಸ್ವೀಡನ್ನಿನಲ್ಲೂ ಇಂಥದೇ ಪಟ್ಟಿ ಸಿದ್ಧವಾಗಿತ್ತು. ಬಲೂನಿನಿಂದ ಸಪೂರ ನಳಿಕೆಯೊಂದು ಬಂದು ಹೊಟ್ಟೆಯ ಚರ್ಮದ ಕೆಳಗಿನ ಒಂದು ಪುಟ್ಟ ಬಿಲ್ಲೆಗೆ ಸೇರುತ್ತದೆ. ಆ ಬಿಲ್ಲೆಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಲೂನು ಉಬ್ಬಿ ಪಟ್ಟಿ ಬಿಗಿಯಾಗುತ್ತದೆ. ನೀರು ತೆಗೆದರೆ ಸಡಿಲ. ಪಟ್ಟಿಯ ಮೇಲೆ ಉಳಿಯುವ ಜಠರ ಒಂದೆರಡು ಚಮಚದಷ್ಟು ಮಾತ್ರ. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗಬೇಕು, ತಿಂದದ್ದು ನಿಧಾನವಾಗಿ ಕೆಳಗೆ ಜಾರಬೇಕು ಎಂಬುದು ಲೆಕ್ಕ.

ಇದನ್ನು ಹೊಟ್ಟೆ ಸೀಳದೆ, ಸಣ್ಣ ತೂತುಗಳಿಂದ ಲ್ಯಾಪರೋಸ್ಕೋಪ್ ಇಳಿಸಿ ಕಟ್ಟಿದವರು ಮಿತಿಕು ಬೆಲಾಚೆವ್. ಇಥಿಯೋಪಿಯದ ಹಳ್ಳಿಯೊಂದರಲ್ಲಿ ದನ ಕಾಯುತ್ತಿದ್ದ ಹುಡುಗ ಓದಿ ಬೆಲ್ಜಿಯಂನಲ್ಲಿ ಶಸ್ತ್ರವೈದ್ಯನಾದದ್ದೇ ಒಂದು ಕಥೆ. 1993ರ ಸೆಪ್ಟೆಂಬರ್ ಒಂದನೆಯ ತಾರೀಖು, ಹ್ಯುಯಿ ಎಂಬ ಸಣ್ಣ ಊರಿನಲ್ಲಿ ಅವರು ಆ ಮೊದಲ ಆಪರೇಷನ್ ಮಾಡಿದರು. ಬರಗಾಲಕ್ಕೆ ಹೆಸರಾದ ನಾಡಿನಿಂದ ಬಂದವರು ತಿಂಡಿತೀರ್ಥ ಹೆಚ್ಚಾದ ನಾಡಿನ ಹೊಟ್ಟೆಗಳಿಗೆ ಪಟ್ಟಿ ಕಟ್ಟಿದರು! ಯುರೋಪು, ಆಸ್ಟ್ರೇಲಿಯಾಗಳಲ್ಲಿ ಅದು ಬೇಗ ಹರಡಿತು. ಅಮೆರಿಕ ಸರ್ಕಾರದ ಆಹಾರ ಮತ್ತು ಔಷಧ ಆಡಳಿತ 2001ರಲ್ಲಿ 'ಲ್ಯಾಪ್-ಬ್ಯಾಂಡ್' ಎಂಬ ಹೆಸರಿನ ಪಟ್ಟಿಗೆ ಒಪ್ಪಿಗೆ ಕೊಟ್ಟಿತು. 2008ರಲ್ಲಿ ಲೋಕದಲ್ಲಿ ತೂಕಕ್ಕಾಗಿ ನಡೆದ ನೂರು ಆಪರೇಷನ್ನುಗಳಲ್ಲಿ 42 ಈ ಪಟ್ಟಿಯವೇ ಆಗಿದ್ದವು.

ನನ್ನ ತಂಗಿ ಈ ಪಟ್ಟಿಯ ಸುದ್ದಿ ಹಿಡಿದು ಬಂದದ್ದು 2010ರಲ್ಲಿ. ಅವಳನ್ನು ದಾವಣಗೆರೆಗೆ ಕೊಟ್ಟಿದೆ. ಆಗ ಅವಳಿಗೆ 38 ವರ್ಷ, ಎರಡು ಹೆರಿಗೆಯಾಗಿತ್ತು. ಎತ್ತರ 153 ಸೆಂಟಿಮೀಟರು, ತೂಕ 98 ಕಿಲೋ. ಮೇಲೆ ಹೇಳಿದ ಲೆಕ್ಕ ಹಾಕಿದರೆ ಸುಮಾರು 42 ಬರುತ್ತದೆ. ಸಕ್ಕರೆ ಕಾಯಿಲೆ ಶುರುವಾಗಿತ್ತು, ಎರಡೂ ಮಂಡಿ ನೋವು. ಬೆಳಗ್ಗೆ ಐದಕ್ಕೆ ಎದ್ದರೆ ಏಳೆಂಟು ಜನಕ್ಕೆ ಬೇಯಿಸಿ ಬಡಿಸಿ, ಕಡೆಗೆ ತಾನು ತಿನ್ನುವವಳು. ಗುರುವಾರ, ಶನಿವಾರ ಒಪ್ಪೊತ್ತು. ಎರಡು ಸಲ ಪಥ್ಯ ಮಾಡಿ ಹತ್ತು ಹನ್ನೆರಡು ಕಿಲೋ ಇಳಿಸಿದ್ದಳು, ಎರಡು ಸಲವೂ ಅದು ಬಡ್ಡಿ ಸಮೇತ ಹಿಂದಿರುಗಿತ್ತು. ಬೆಂಗಳೂರಿನ ಒಂದು ಆಸ್ಪತ್ರೆಯವರು ಊರಿಗೆ ಬಂದು ಶಿಬಿರ ನಡೆಸಿ ಕರಪತ್ರ ಕೊಟ್ಟಿದ್ದರು. "ಅಕ್ಕ, ಇದು ಬಳೆ ತೊಡಿಸಿದ ಹಾಗಂತೆ. ಕತ್ತರಿಸೋದು ಏನೂ ಇಲ್ಲವಂತೆ. ಬೇಡ ಅನ್ನಿಸಿದರೆ ತೆಗೆಸಬಹುದಂತೆ," ಎಂದಳು. ಅವಳ ಅತ್ತೆಯವರದು ಬೇರೆ ಮಾತು: "ಬಾಯಿ ಕಟ್ಟೋಕೆ ಆಗದವಳಿಗೆ ಲಕ್ಷ ಸುರಿದು ಹೊಟ್ಟೆ ಕಟ್ಟಿಸಬೇಕಾ?"

ಅತ್ತೆಯ ಮಾತಿಗೆ ಹೇಳಲು ಉತ್ತರವಿತ್ತು. ಬಳೆಯ ಮಾತಿಗೆ ಮಾತ್ರ ನಾವಿಬ್ಬರೂ ಕುಳಿತು ಯೋಚಿಸಬೇಕಾಯಿತು. ನಾನು ಶಾಲೆಯವಳು, ಪ್ರಶ್ನೆಪತ್ರಿಕೆ ಬರೆಯುವುದು ಕೈಗೆ ಹತ್ತಿದ ಕೆಲಸ. ನೋಟುಪುಸ್ತಕದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡು ಇಬ್ಬರೂ ಬೆಂಗಳೂರಿಗೆ ಹೋದೆವು. ಪಟ್ಟಿ ಕಟ್ಟಿದ ಮೇಲೆ ಉಪ್ಪುನೀರು ತುಂಬಿಸಲು ವರ್ಷಕ್ಕೆ ಎಷ್ಟು ಸಲ ಬರಬೇಕು? ಮೊದಲ ವರ್ಷ ಆರೇಳು ಸಲ, ಆಮೇಲೂ ಬರುತ್ತಿರಬೇಕು ಎಂದರು. ರಾತ್ರಿ ಹೊತ್ತು ತಿಂದದ್ದು ಸಿಕ್ಕಿಕೊಂಡರೆ ನಮ್ಮ ಊರಿನಲ್ಲಿ ಸಡಿಲಿಸುವವರು ಯಾರು? ಯಾರೂ ಇಲ್ಲ, ಇಲ್ಲಿಗೇ ಬರಬೇಕು ಎಂದರು. ಹತ್ತು ವರ್ಷದ ಹಿಂದೆ ನಿಮ್ಮಲ್ಲಿ ಕಟ್ಟಿಸಿಕೊಂಡವರು ಈಗ ಹೇಗಿದ್ದಾರೆ? ನಮ್ಮಲ್ಲಿ ಶುರುವಾಗಿ ಅಷ್ಟು ವರ್ಷವಾಗಿಲ್ಲ ಎಂದರು. ತೆಗೆಸಬೇಕಾದರೆ ಅದಕ್ಕೆಷ್ಟು ಖರ್ಚು? ಅದು ಇನ್ನೊಂದು ಆಪರೇಷನ್ ತಾನೆ, ಆಗ ನೋಡೋಣ ಎಂದರು. ಅವರು ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕೆಲ್ಲ ನೇರವಾಗಿಯೇ ಉತ್ತರ ಕೊಟ್ಟರು. ಆದರೆ ಆ ಉತ್ತರಗಳಲ್ಲಿ ಒಂದೂ ಕರಪತ್ರದಲ್ಲಿ ಇರಲಿಲ್ಲ. ಹಿಂದಿರುಗುವಾಗ ರೈಲಿನಲ್ಲಿ ತಂಗಿ, "ಬಳೆ ಅಂದರೆ ಮನೆಯಲ್ಲೇ ತೊಟ್ಟು ತೆಗೆಯೋದು. ಇದಕ್ಕೆ ಪ್ರತಿಸಲ ಬೆಂಗಳೂರಿಗೇ ಓಡಬೇಕಲ್ಲ," ಎಂದಳು. ಆಗಿನ ಮಟ್ಟಿಗೆ ಬೇಡವೆಂದು ಬಿಟ್ಟಳು.

ಪಟ್ಟಿ ಕಟ್ಟಿಸಿಕೊಂಡ ದೇಶಗಳಲ್ಲಿ ಅಷ್ಟು ಹೊತ್ತಿಗೆ ಹತ್ತು ವರ್ಷದ ಲೆಕ್ಕ ಹೊರಬರಲು ಶುರುವಾಗಿತ್ತು. ಪಟ್ಟಿ ಹುಟ್ಟಿದ ಬೆಲ್ಜಿಯಂನಲ್ಲೇ ಬ್ರಸೆಲ್ಸ್ ನಗರದ ವೈದ್ಯರು 1994ರಿಂದ 1997ರವರೆಗೆ ತಾವೇ ಆಪರೇಷನ್ ಮಾಡಿದವರನ್ನು ಹುಡುಕಿ, ಸಿಕ್ಕ 82 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ವರದಿ ಬರೆದರು. ಸುಮಾರು ಅರ್ಧದಷ್ಟು ಜನರ ಪಟ್ಟಿ ತೆಗೆಯಬೇಕಾಗಿ ಬಂದಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಪಟ್ಟಿ ಜಠರದ ಗೋಡೆಯನ್ನೇ ಕೊರೆದುಕೊಂಡು ಒಳಗೆ ಹೋಗಿತ್ತು. ಇನ್ನು ಕೆಲವರಲ್ಲಿ ಪಟ್ಟಿ ಜಾರುವುದು, ನಳಿಕೆ ಸೋರುವುದು, ಎದೆಯುರಿ, ಅನ್ನನಾಳ ಹಿಗ್ಗುವುದು ಇವೆಲ್ಲ ಬೇರೆ ದೇಶಗಳಲ್ಲೂ ಕಂಡುಬಂದವು. ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಪಾಲ್ ಓಬ್ರಿಯನ್ ಅವರ ತಂಡದ್ದು ಬೇರೆ ಅನುಭವ. ಅವರ ರೋಗಿಗಳು ಹದಿನೈದು ವರ್ಷದ ಮೇಲೂ ಹೆಚ್ಚುವರಿ ತೂಕದಲ್ಲಿ ಸುಮಾರು ಅರ್ಧವನ್ನು ಇಳಿಸಿಯೇ ಉಳಿಸಿಕೊಂಡಿದ್ದರು. ಅದೇ ಕೇಂದ್ರದಿಂದ 2008ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ, ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಪಟ್ಟಿ ಕಟ್ಟಿಸಿಕೊಂಡ ನೂರಕ್ಕೆ 73 ಮಂದಿಗೆ ಎರಡು ವರ್ಷದಲ್ಲಿ ಕಾಯಿಲೆ ಹಿಂದೆ ಸರಿದಿತ್ತು. ಬರಿಯ ಪಥ್ಯ ಔಷಧ ಮಾಡಿದವರಲ್ಲಿ ಹಾಗಾದದ್ದು 13 ಮಂದಿಗೆ. ಆದರೆ ಅಲ್ಲಿ ಪಟ್ಟಿ ಕಟ್ಟಿ ಕೈತೊಳೆದುಕೊಳ್ಳುತ್ತಿರಲಿಲ್ಲ, ರೋಗಿಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದರು. ಅಷ್ಟಿದ್ದೂ ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಎರಡನೆಯ ಆಪರೇಷನ್ ಬೇಕಾಯಿತು.

ಎಲ್ಲ ಕಡೆಯೂ ಅಂಥ ಆರೈಕೆ ಇರಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ರಸ್ತೆ ಬದಿಯ ದೊಡ್ಡ ಫಲಕಗಳಲ್ಲಿ ಫೋನ್ ನಂಬರು ಹಾಕಿ ಪಟ್ಟಿಯನ್ನು ಸೋಪಿನಂತೆ ಜಾಹೀರಾತು ಮಾಡಿದರು. ಅಪಾಯದ ವಿಷಯ ಜಾಹೀರಾತಿನಲ್ಲಿ ಸರಿಯಾಗಿ ಹೇಳಿಲ್ಲವೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2011ರ ಡಿಸೆಂಬರಿನಲ್ಲಿ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ತೂಕದ ಆಪರೇಷನ್ನುಗಳಲ್ಲಿ ಪಟ್ಟಿಯ ಪಾಲು ನೂರಕ್ಕೆ 35ರಷ್ಟಿತ್ತು. 2019ರ ಹೊತ್ತಿಗೆ ನೂರಕ್ಕೆ ಒಂದೂ ಇರಲಿಲ್ಲ.

ಪಟ್ಟಿ ಯಾಕೆ ಸೋತಿತು? ನಮಗೆಲ್ಲ ಅರ್ಥವಾಗುವ ಕಾರಣ ಒಂದಿದೆ. ಚಪಾತಿ, ಬ್ರೆಡ್ಡು, ಅನ್ನ ಪಟ್ಟಿಯ ಹತ್ತಿರ ಸಿಕ್ಕಿಕೊಂಡು ಎದೆ ಹಿಡಿಯುತ್ತದೆ, ವಾಂತಿಯಾಗುತ್ತದೆ. ಪಾಯಸ, ಐಸ್‌ಕ್ರೀಮು ಸಲೀಸಾಗಿ ಇಳಿದುಹೋಗುತ್ತವೆ. ಇನ್ನೊಂದು ಕಾರಣ ಹೊಸ ವಿಜ್ಞಾನದ್ದು. ಕೊಬ್ಬಿನ ಕಣಗಳು ಮೆದುಳಿಗೆ ಕಳಿಸುವ ಲೆಪ್ಟಿನ್ ಎಂಬ ರಸವನ್ನು ಅಮೆರಿಕದ ಫ್ರೀಡ್‌ಮನ್ 1994ರಲ್ಲಿ ಕಂಡುಹಿಡಿದರು. ಜಠರವೇ ತಯಾರಿಸುವ ಹಸಿವಿನ ರಸ ಘ್ರೆಲಿನ್ ಜಪಾನಿನಲ್ಲಿ 1999ರಲ್ಲಿ ಪತ್ತೆಯಾಯಿತು. ಪಥ್ಯ ಮಾಡಿ ತೂಕ ಇಳಿಸಿದವರ ಮೈಯಲ್ಲಿ ಈ ಘ್ರೆಲಿನ್ ಏರುತ್ತದೆ, ಅಂದರೆ ಹಸಿವು ಮೊದಲಿಗಿಂತ ಹೆಚ್ಚುತ್ತದೆ ಎಂದು 2002ರಲ್ಲಿ ತೋರಿಸಿದರು. ಬೈಪಾಸ್ ಮಾಡಿಸಿಕೊಂಡವರಲ್ಲಿ ಅದು ತೀರ ಕಡಿಮೆಯಿತ್ತು. ಬರಗಾಲವೆಂದು ತಿಳಿದು ಮೈ ತನ್ನ ಗಂಟನ್ನು ಉಳಿಸಿಕೊಳ್ಳಲು ಹೋರಾಡುತ್ತದೆ. ಪಟ್ಟಿ ದಾರಿಯನ್ನು ಕಿರಿದು ಮಾಡಿತೇ ಹೊರತು, ಹಸಿವಿನ ಈ ಜಗ್ಗಾಟವನ್ನು ಬೈಪಾಸಿನಷ್ಟು ಬದಲಿಸಲಿಲ್ಲ.

ಇದನ್ನು ಓದಿದ ಮೇಲೆ ನನ್ನ ತಂಗಿಯ ಎರಡು ಪಥ್ಯಗಳ ಕಥೆ ನನಗೆ ಬೇರೆಯಾಗಿ ಕಂಡಿತು. ಅವಳಿಗೆ ಮನಸ್ಸಿನ ಗಟ್ಟಿತನ ಕಡಿಮೆಯಿತ್ತು ಎಂದು ಯಾರು ಹೇಳಬಲ್ಲರು? ವಾರಕ್ಕೆ ಎರಡು ದಿನ ಒಪ್ಪೊತ್ತು ಇದ್ದು ಮನೆಮಂದಿಗೆಲ್ಲ ಹೋಳಿಗೆ ತಟ್ಟುವವಳ ಗಟ್ಟಿತನ ಯಾವ ತಪಸ್ವಿಗೆ ಕಡಿಮೆ? ಅವಳು ಎದುರಾಡುತ್ತಿದ್ದದ್ದು ತನ್ನ ಮೈಯ ರಸಗಳೊಂದಿಗೆ, ಚರಕರು ಹೇಳಿದ ಬೀಜಸ್ವಭಾವದೊಂದಿಗೆ.

ಆದರೂ ಆಪರೇಷನ್ ಎಂದಕೂಡಲೇ ಜನ ಹೆಂಗಸನ್ನೇ ಅಣಕಿಸುತ್ತಾರೆ, ಅದು ನಮ್ಮ ಊರಿನದೊಂದೇ ಗುಣವಲ್ಲ. ಇಂಗ್ಲೆಂಡಿನ ಟಿ.ವಿ.ಯಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಫರ್ನ್ ಬ್ರಿಟನ್ ಎಂಬಾಕೆ 2006ರಲ್ಲಿ ಪಟ್ಟಿ ಕಟ್ಟಿಸಿಕೊಂಡಿದ್ದರು. ಎರಡು ವರ್ಷದ ಮೇಲೆ ಅದು ಬಯಲಾದಾಗ, ವ್ಯಾಯಾಮ ಮಾಡಿ ಇಳಿಸಿದ್ದೆಂದು ನಾವು ನಂಬಿದ್ದೆವಲ್ಲ, ಮೋಸ ಮಾಡಿದರು ಎಂದು ಪತ್ರಿಕೆಗಳು ಕೂಗಾಡಿದವು. ದಪ್ಪಗಿದ್ದಾಗ ಬೈಗುಳ, ಇಳಿಸಿಕೊಂಡರೆ ಇಳಿಸಿದ ದಾರಿಗೆ ಬೈಗುಳ! ಕನ್ನಡಕ ಹಾಕಿಕೊಂಡವರನ್ನು ಯಾರೂ ಮೋಸಗಾರರು ಎನ್ನುವುದಿಲ್ಲ.

ಆಪರೇಷನ್ನಿನಿಂದ ಪ್ರಯೋಜನವೇ ಇಲ್ಲವೆಂದು ಯಾರೂ ತಿಳಿಯಬಾರದು. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನದಲ್ಲಿ ನಾಲ್ಕು ಸಾವಿರ ಜನರನ್ನು ವರ್ಷಗಟ್ಟಲೆ ನೋಡಿದರು. ಅರ್ಧದಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು, ಅರ್ಧ ಮಾಡಿಸಿಕೊಳ್ಳದವರು. ಮಾಡಿಸಿಕೊಂಡವರಲ್ಲಿ ಸಾವು ಸುಮಾರು ಕಾಲುಭಾಗ ಕಡಿಮೆ ಎಂದು 2007ರಲ್ಲಿ ತಿಳಿಯಿತು. ಹತ್ತು ವರ್ಷದ ಮೇಲೆ ಬೈಪಾಸಿನವರು ಮೊದಲಿನ ತೂಕದ ನೂರಕ್ಕೆ 25ರಷ್ಟು ಇಳಿಸಿ ಉಳಿಸಿಕೊಂಡಿದ್ದರು. ಪಟ್ಟಿಯವರದು 14. ಬೊಜ್ಜು ಕಾಯಿಲೆಯ ಮಟ್ಟ ಮುಟ್ಟಿದವರಿಗೆ ಆಪರೇಷನ್ ಪ್ರಾಣ ಉಳಿಸುವ ಚಿಕಿತ್ಸೆ ಎಂದು ಒಪ್ಪಿಕೊಳ್ಳಲು ಇಷ್ಟು ಸಾಕು.

ಈಗ ಪಟ್ಟಿಯ ಜಾಗಕ್ಕೆ ಸ್ಲೀವ್ ಎಂಬ ಆಪರೇಷನ್ ಬಂದಿದೆ. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದದ್ದನ್ನು ಸೀರೆಯ ಫಾಲ್ಸಿನಂತೆ ಸಪೂರ ಪಟ್ಟೆಯಾಗಿ ಉಳಿಸುತ್ತಾರೆ. ಘ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೇ ಹೋಗುವುದರಿಂದ ಹಸಿವೂ ತಗ್ಗುತ್ತದೆ. ಆದರೆ ತೆಗೆದದ್ದನ್ನು ಮತ್ತೆ ಸೇರಿಸಲಾಗದು. ಕಬ್ಬಿಣಾಂಶ, ಬಿ-12, ಕ್ಯಾಲ್ಸಿಯಂ, ಡಿ ಜೀವಸತ್ವ ಇವನ್ನು ಬದುಕಿರುವವರೆಗೆ ತೆಗೆದುಕೊಳ್ಳಬೇಕು. ಮಾಂಸ ಮೊಟ್ಟೆ ಮುಟ್ಟದ ಮನೆಯ ಹೆಂಗಸರು ಈ ವಿಷಯದಲ್ಲಿ ಇನ್ನೂ ಜಾಗ್ರತೆಯಾಗಿರಬೇಕು. ಮಕ್ಕಳಾಗುವ ವಯಸ್ಸಿನವರು ಒಂದು, ಒಂದೂವರೆ ವರ್ಷ ಬಸುರಾಗದಂತೆ ನೋಡಿಕೊಳ್ಳಬೇಕು. ಮೈ ಇಳಿದಾಗ ಗರ್ಭ ನಿಲ್ಲುವುದು ಸುಲಭವಾಗುತ್ತದೆ ಎಂಬುದನ್ನು ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಇಂಜೆಕ್ಷನ್ನುಗಳೂ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಅವುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ ನೂರಕ್ಕೆ 15ರಷ್ಟು ತೂಕ ಇಳಿಸಿತ್ತು. ಇಂಜೆಕ್ಷನ್ ನಿಲ್ಲಿಸಿದವರಿಗೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಒಂದು ವರ್ಷದಲ್ಲೇ ಹಿಂದಕ್ಕೆ ಬಂತು. ದವಡೆಯ ತಂತಿ ಬಿಚ್ಚಿದಾಗ ಆದದ್ದೂ ಇದೇ ಅಲ್ಲವೇ?

ನನ್ನ ತಂಗಿ 2018ರಲ್ಲಿ ಸ್ಲೀವ್ ಮಾಡಿಸಿಕೊಂಡಳು. ಅಷ್ಟರಲ್ಲಿ 102 ಕಿಲೋ ಆಗಿದ್ದಳು. ಈ ಸಲ ನೋಟುಪುಸ್ತಕದ ಪ್ರಶ್ನೆಗಳನ್ನು ತಾನೇ ಬರೆದುಕೊಂಡಿದ್ದಳು, ನನಗಿಂತ ಚೆನ್ನಾಗಿ ಬರೆದಿದ್ದಳು. ಒಂದು ವರ್ಷದಲ್ಲಿ 71ಕ್ಕೆ ಇಳಿದು, ಈಗ 77ರಲ್ಲಿ ನಿಂತಿದ್ದಾಳೆ. ಆರು ತಿಂಗಳು ಕೂದಲು ಉದುರಿತು. ನಿಂತಿದ್ದ ಸಕ್ಕರೆ ಮಾತ್ರೆ ಈಚೆಗೆ ಮತ್ತೆ ಅರ್ಧ ಶುರುವಾಗಿದೆ. ಮದುವೆಯೂಟದಲ್ಲಿ ಎಲೆಯ ಮೇಲೆ ಬಡಿಸಿದ್ದನ್ನು ಹಾಗೇ ಬಿಟ್ಟು ಏಳಬೇಕಾದಾಗ ಅವಳಿಗೆ ಮುಜುಗರ. ಆದರೆ ನೆಲದ ಮೇಲೆ ಕೂತು ಯಾರ ಕೈಯನ್ನೂ ಹಿಡಿಯದೆ ಏಳುತ್ತಾಳೆ, ಮಗಳ ಮನೆಯ ಮೂರನೆಯ ಮಹಡಿ ಹತ್ತುತ್ತಾಳೆ. ಚಂದ ಕಾಣಲಿಕ್ಕೆ ಮಾಡಿಸಿಕೊಂಡೆಯಾ ಎಂದು ಕೇಳಿದವರಿಗೆ, "ನಡೆಯಲಿಕ್ಕೆ ಮಾಡಿಸಿಕೊಂಡೆ" ಎನ್ನುತ್ತಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ ಈ ಯೋಚನೆಯಲ್ಲಿದ್ದರೆ ಕೆಲವು ವಿಷಯ ತಿಳಿದಿರಲಿ. 1991ರಲ್ಲಿ ಅಮೆರಿಕದ ತಜ್ಞರು ಬಿ.ಎಂ.ಐ. 40, ಕಾಯಿಲೆಗಳಿದ್ದರೆ 35 ಎಂದು ಆಪರೇಷನ್ನಿಗೆ ಗೆರೆ ಹಾಕಿದ್ದರು. 2022ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಅದನ್ನು 35ಕ್ಕೆ, ಕಾಯಿಲೆಯಿದ್ದರೆ 30ಕ್ಕೆ ಇಳಿಸಿದರು, ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದರು. ವಿಮೆಯ ಲೆಕ್ಕ ಬೇರೆ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಗೊತ್ತುಮಾಡಿದ ನಿಯಮದಲ್ಲಿ ಹಳೆಯ 40 ಮತ್ತು 35ರ ಗೆರೆಯೇ ಇದೆ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿಕೊಂಡೇ ಹೊರಡಿ. ಡಾಕ್ಟರನ್ನು ಹತ್ತು ವರ್ಷದ ಲೆಕ್ಕ ಕೇಳಿ. ತೊಂದರೆಯಾದರೆ ನಮ್ಮ ಊರಿನಲ್ಲಿ ನೋಡುವವರು ಯಾರು ಎಂದು ಕೇಳಿ. ಮಾತ್ರೆ, ರಕ್ತಪರೀಕ್ಷೆಗಳ ವರ್ಷಾವರ್ಷದ ಖರ್ಚನ್ನೂ ಸೇರಿಸಿ ಕೂಡಿ ನೋಡಿ. ಉತ್ತರ ಬಂದ ಮೇಲೆ ಮಾಡಿಸಿಕೊಳ್ಳುವುದೂ ಬಿಡುವುದೂ ಆ ಹೆಂಗಸಿನ ಇಷ್ಟ.

ಸಾಂಚೋಗೆ ಅಜ್ಜಿಯೊಬ್ಬಳು ಜೊತೆಗೆ ಬಂದಳು. ಅವಳು ಮೊಮ್ಮಗನನ್ನು ಹಂಗಿಸುತ್ತ ಕೂರಲಿಲ್ಲ, ವೈದ್ಯನ ಬಳಿಗೆ ಕರೆದುಕೊಂಡು ಹೋದಳು. ಮೈ ಬಂದ ಹೆಂಗಸಿಗೆ ಬಾಯಿ ಕಟ್ಟು ಎಂದು ಹೇಳುವುದನ್ನು ನಾವು ಇನ್ನಾದರೂ ಬಿಡಬಹುದು. ಆಸ್ಪತ್ರೆಯ ಸಾಲಿನಲ್ಲಿ ಅವಳ ಪಕ್ಕ ಕೂತು, ಕೇಳಬೇಕಾದ ಪ್ರಶ್ನೆ ಮರೆತರೆ ನೆನಪಿಸುವವರು ಅವಳಿಗೆ ಬೇಕಾಗಿದ್ದಾರೆ.